ಕಬಡ್ಡಿ ಅಂಕಣ ಬೇರೆ ಇರಲಿ, ಬಹುಮಾನ ಯಾಕೆ ಬೇರೆ?

ದಸರಾ ಕ್ರೀಡಾಕೂಟ ಬಂತೆಂದರೆ ಮದ್ದೂರು, ಮಳವಳ್ಳಿಯಲ್ಲಿ ಗೆದ್ದವರು ಮಂಡ್ಯದ ಜಿಲ್ಲಾ ಕೂಟಕ್ಕೆ ಹೋಗ್ತಾರೆ. ಪುರುಷರಿಗೊಂದು ವಿಭಾಗ, ಮಹಿಳೆಯರಿಗೊಂದು. ‘ಎಲ್ಲದರಲ್ಲೂ ಸಮ ಅಂತೀರಲ್ಲ, ಆಟದಲ್ಲಿ ಮಾತ್ರ ಯಾಕೆ ಬೇರೆ?’ ಅಂತ ಕೇಳೋರು ಇದ್ದೇ ಇರ್ತಾರೆ. ಕೊಂಕು ಬಿಟ್ಟು ನೋಡಿದರೆ, ಇದು ಉತ್ತರ ಕೊಡಬೇಕಾದ ಪ್ರಶ್ನೆಯೇ.

100 ಮೀಟರ್ ಓಟದಲ್ಲಿ ಪುರುಷರ ವಿಶ್ವದಾಖಲೆ 9.58 ಸೆಕೆಂಡ್, ಮಹಿಳೆಯರದ್ದು 10.49. ಅಂತರ ಒಂದು ಸೆಕೆಂಡೂ ಇಲ್ಲ. ಆದರೂ ಎಲ್ಲರನ್ನೂ ಒಟ್ಟಿಗೆ ಓಡಿಸಿದರೆ ಜಗತ್ತಿನ ಅತಿ ವೇಗದ ಮಹಿಳೆಗೂ ಒಲಿಂಪಿಕ್ಸ್ ಫೈನಲ್‌ನಲ್ಲಿ ಜಾಗ ಸಿಗಲ್ಲ. ಕಬಡ್ಡಿಯಲ್ಲೂ ಅಷ್ಟೆ. ಪುರುಷರ ತೂಕದ ಮಿತಿ 85 ಕೆ.ಜಿ., ಮಹಿಳೆಯರದ್ದು 75. ಬಲ, ವೇಗದ ಆಟಗಳಲ್ಲಿ ವಿಭಾಗ ಬೇರೆ ಇರುವುದು ಅವಮಾನವಲ್ಲ, ಅವಕಾಶ.

ಮಳವಳ್ಳಿ ಪಕ್ಕದ ತಿ.ನರಸೀಪುರ ತಾಲ್ಲೂಕನ್ನೇ ನೋಡಿ. ಅಲ್ಲಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ಖೊ-ಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಮಹಿಳೆಯರಿಗೆಂದೇ ವಿಭಾಗ ಇದ್ದದ್ದರಿಂದ ಆ ಅವಕಾಶ ಬಂತು. ಪುರುಷರ ತಂಡದಲ್ಲಿದ್ದ ರಾಜ್ಯದ ಎಂ.ಕೆ. ಗೌತಮ್ ಅವರಿಗೂ, ಚೈತ್ರಾಗೂ ಸರ್ಕಾರ ಘೋಷಿಸಿದ್ದು ತಲಾ ₹5 ಲಕ್ಷ. ಇದು ಕಡಿಮೆ ಅಂತ ಇಬ್ಬರೂ ನಿರಾಕರಿಸಿದ್ದು ಬೇರೆ ಮಾತು. ಮೊತ್ತದಲ್ಲಿ ಗಂಡು-ಹೆಣ್ಣು ಭೇದವಂತೂ ಇರಲಿಲ್ಲ.

ಹಾಗಂತ ಬೇರೆ ಮಾಡಿದ್ದೆಲ್ಲ ನ್ಯಾಯ ಅಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಸ್ಕೀಟ್ ಶೂಟಿಂಗ್‌ನಲ್ಲಿ ಗಂಡಸರು, ಹೆಂಗಸರು ಒಟ್ಟಿಗೇ ಸ್ಪರ್ಧಿಸಿದ್ದರು. ಚಿನ್ನ ಗೆದ್ದದ್ದು ಚೀನಾದ ಮಹಿಳೆ ಜಾಂಗ್ ಶಾನ್. ಮುಂದಿನ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಪುರುಷರಿಗೆ ಮಾತ್ರ! ಮಹಿಳೆಯರ ವಿಭಾಗ ಬಂದದ್ದು 2000ದಲ್ಲಿ. ಗುರಿ, ಬುದ್ಧಿಯ ಆಟಕ್ಕೆ ಗೋಡೆ ಯಾಕೆ? ನಮ್ಮೂರ ಚೆಸ್, ಕೇರಂ ಪಂದ್ಯಗಳನ್ನು ಒಟ್ಟಿಗೇ ಆಡಿಸಬಹುದು. ಮಿಶ್ರ ರಿಲೇಯೂ ಇದೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕನ್ನಡದ ಎಂ.ಆರ್. ಪೂವಮ್ಮ ಇದ್ದ ತಂಡ ಇಬ್ಬರು ಗಂಡಸರು, ಇಬ್ಬರು ಹೆಂಗಸರದ್ದು. ಮೊದಲು ಬೆಳ್ಳಿ ಬಂತು, ಬಹರೇನ್ ತಂಡ ಅನರ್ಹವಾದ ಮೇಲೆ ಅದೇ ಚಿನ್ನವಾಯ್ತು.

ಒಟ್ಟಿಗೋ ಬೇರೆಯೋ ಅನ್ನೋದನ್ನ ಆಟವೇ ಹೇಳುತ್ತೆ. ನಾವು ಕೇಳಬೇಕಾದ್ದು ಬೇರೆ. ಭಾರತ ತಂಡದ ಪುರುಷರಿಗೂ ಮಹಿಳೆಯರಿಗೂ ಪಂದ್ಯದ ಸಂಭಾವನೆ ಒಂದೇ ಅಂತ 2022ರಲ್ಲಿ ಬಿಸಿಸಿಐ ಘೋಷಿಸಿತು. ನಮ್ಮೂರ ಹೊನಲು ಬೆಳಕಿನ ಕಬಡ್ಡಿಗೆ ಆ ಲೆಕ್ಕ ಯಾಕೆ ಬರಬಾರದು? ರಾತ್ರಿ ದೀಪದ ಕೆಳಗೆ ಗಂಡುಮಕ್ಕಳ ಪಂದ್ಯ ಇಟ್ಟು, ಹೆಣ್ಣುಮಕ್ಕಳನ್ನು ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಅದು ವಿಭಾಗ ಅಲ್ಲ, ತಾತ್ಸಾರ.

ಇಂಥ ಪಂದ್ಯಗಳಿಗೆ ಟ್ರೋಫಿ, ನಗದು ಕೊಡೋರು ನಮ್ಮ ಪೇಟೆಯ ಅಂಗಡಿಯವರೇ. ಮುಂದಿನ ಸಲ ರಸೀದಿ ಪುಸ್ತಕ ಹಿಡಿದು ಹುಡುಗರು ಬಂದಾಗ ಮೂರು ಮಾತು ಕೇಳಿ: ಹೆಣ್ಣುಮಕ್ಕಳ ಪಂದ್ಯ ಇದೆಯಾ? ಎಷ್ಟೊತ್ತಿಗೆ? ಬಹುಮಾನ ಎಷ್ಟು? ಉತ್ತರ ಕೇಳಿದ ಮೇಲೆ ಗಲ್ಲಾ ತೆಗೀರಿ.