ಊರಿಗೆ ಬಾರದ ವರದಿಗಳು

ಪಶ್ಚಿಮ ಘಟ್ಟದ ಪರಿಸರಸೂಕ್ಷ್ಮ ಪ್ರದೇಶ ಕುರಿತ ಆರನೆಯ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಬಿದ್ದಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಸೇರಿತ್ತು. ಆಕ್ಷೇಪಣೆಗೆ 60 ದಿನಗಳ ಕಾಲಾವಕಾಶ. ಗಣಿಗಾರಿಕೆ, ಕಲ್ಲು ಕ್ವಾರಿ, ಭಾರಿ ಕಟ್ಟಡಗಳನ್ನು ತಡೆಯಹೊರಟ ಆ ಕರಡಿನಲ್ಲಿಯೇ, ಈಗಿರುವ ವಾಸದ ಮನೆಗಳ ದುರಸ್ತಿಗೂ ವಿಸ್ತರಣೆಗೂ ಅಡ್ಡಿಯಿಲ್ಲವೆಂದು ಬರೆದಿತ್ತು. ಹಳ್ಳಿಗಳಲ್ಲಿ ಹಬ್ಬಿದ ಮಾತು ಮಾತ್ರ ಒಕ್ಕಲೆಬ್ಬಿಸುವುದರದ್ದು. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಲಿಂಗನಮಕ್ಕಿಯ ಹಿನ್ನೀರಿಗೆ ಮನೆ-ಗದ್ದೆ ಬಿಟ್ಟು ಹೊರಟವರನ್ನು ಕಂಡ ಮಲೆನಾಡಿಗೆ ಅಂಜಲು ಕಾರಣವಿದೆ. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಇದರಲ್ಲಿ ಸರ್ಕಾರದ ಪಾಲು ದೊಡ್ಡದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಒಪ್ಪಿಸಿದ ವರದಿ ಸಾರ್ವಜನಿಕರಿಗೆ ದೊರೆತದ್ದು 2012ರ ಮೇ ತಿಂಗಳಲ್ಲಿ, ಅದೂ ಮಾಹಿತಿ ಹಕ್ಕಿನ ಹೋರಾಟದ ಬಳಿಕ; ಭಾಷೆ ಇಂಗ್ಲಿಷ್. ಗ್ರಾಮಸಭೆಗಳ ಅಭಿಪ್ರಾಯ ಪಡೆಯಿರಿ ಎಂದು ಹೇಳಿದ ವರದಿಯೇ ಗ್ರಾಮಸಭೆಗೆ ಅರ್ಥವಾಗದ ಭಾಷೆಯಲ್ಲಿ ಉಳಿಯಿತು.

ಆದರೆ ಸ್ವಯಂಸೇವಾ ಸಂಸ್ಥೆಗಳು ಮಾಡುತ್ತಿದ್ದುದೇನು? ಅನೇಕ ಸಂಸ್ಥೆಗಳಲ್ಲಿ ಇಂದು ಸಂವಹನವೆಂಬುದು ಪ್ರತ್ಯೇಕ ವಿಭಾಗ. ನುಣುಪು ಕಾಗದದ ವಾರ್ಷಿಕ ವರದಿ, ಕಿರುಚಿತ್ರ, ಜಾಲತಾಣದ ಪುಟ ಎಲ್ಲವೂ ಇವೆ. ಬಹುಪಾಲು ಇಂಗ್ಲಿಷಿನಲ್ಲಿ, ಹಣ ನೀಡುವವರ ಕಣ್ಣಿಗಾಗಿ. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕೆಂದು 2013ರ ಕಂಪನಿ ಕಾಯಿದೆ ವಿಧಿಸಿದ ಮೇಲೆ ಫಲಿತಾಂಶ ತೋರಿಸುವ ಒತ್ತಡ ಹೆಚ್ಚಿತು. 2020ರ ತಿದ್ದುಪಡಿಯು ವಿದೇಶಿ ವಂತಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಕೈ ಬಿಗಿಯಾದಾಗ ಮೊದಲು ನಿಲ್ಲುವುದು ದಾನಿಗೆ ಕಳುಹಿಸುವ ವರದಿಯಲ್ಲ, ಊರಿಗೆ ಹಂಚುವ ಕರಪತ್ರ. ಛಾಯಾಚಿತ್ರದಲ್ಲಿ ಸೊಪ್ಪಿನ ಹೊರೆ ಹೊತ್ತ ಮಹಿಳೆ ಇರುತ್ತಾಳೆ. ಅದರ ಕೆಳಗಿನ ಬರಹವನ್ನು ಅವಳಿಗೆ ಓದಿ ಹೇಳಿದವರಿರುವುದಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿನ ಮರಗಳನ್ನು ಅಪ್ಪಿಕೊಂಡಾಗ ಇಂಥ ವಿಭಾಗಗಳಿರಲಿಲ್ಲ. ಪಾದಯಾತ್ರೆ, ಬೀದಿನಾಟಕ, ಜನಪದ ಕುಣಿತ, ಸ್ಲೈಡ್ ಪ್ರದರ್ಶನಗಳಿಂದಲೇ ಅಪ್ಪಿಕೋ ಚಳವಳಿ ಊರಿಂದೂರಿಗೆ ಸಾಗಿತು. ಅದರ ಘೋಷಣೆ ಮೂರೇ ಪದ: ಉಳಿಸು, ಬೆಳೆಸು, ಬಳಸು. ಮೂರನೆಯ ಪದದ ಬೆಲೆಯನ್ನು ನಂತರದವರು ಸರಿಯಾಗಿ ಅರಿಯಲಿಲ್ಲ. ಸೊಪ್ಪು, ಸೌದೆ, ಜೇನಿಗಾಗಿ ಕಾಡನ್ನು ನಂಬಿದವನಿಗೆ ‘ಉಳಿಸು’ ಎಂಬುದು ಅರಣ್ಯ ಇಲಾಖೆಯ ಮಾತಿನಂತೆಯೇ ಕೇಳಿಸುತ್ತದೆ; ‘ಬಳಸು’ ಎಂದಾಗಲೇ ಕಾಡು ತನ್ನದೂ ಹೌದೆಂಬ ಭರವಸೆ. ಆ ಭರವಸೆಯನ್ನು ಯಾವ ಕರಡಿನೊಂದಿಗೂ ಯಾರೂ ಹಳ್ಳಿಯ ಬಾಗಿಲಿಗೆ ಒಯ್ಯಲಿಲ್ಲ, ಅಥವಾ ಒಯ್ಯುವ ವೇಳೆಗೆ ವದಂತಿ ಮುಂದೆ ಹೋಗಿತ್ತು.

ಪರಿಸರ ಪರಿಣಾಮ ಅಂದಾಜಿನ ಕರಡನ್ನು 22 ಭಾಷೆಗಳಿಗೆ ಅನುವಾದಿಸಬೇಕೆಂದು 2020ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಅನುವಾದಕ್ಕಾಗಿಯೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದ ದೇಶದಲ್ಲಿ ಸಂಸ್ಥೆಗಳು ಕಾದು ಕುಳಿತಿರಬೇಕಿಲ್ಲ. ಕರಡು ಬಂದ ಮೊದಲ ವಾರದಲ್ಲೇ ಎರಡು ಪುಟದ ಕನ್ನಡ ಸಾರ, ಜೊತೆಗೆ ಊರುಗಳ ಪಟ್ಟಿ, ನಿಷೇಧವಿರುವುದು ಯಾವುದಕ್ಕೆ, ಇಲ್ಲದಿರುವುದು ಯಾವುದಕ್ಕೆ ಎಂಬ ವಿವರ: ಇಷ್ಟಕ್ಕೆ ದೊಡ್ಡ ದೇಣಿಗೆ ಬೇಡ. ಗ್ರಾಮಸಭೆಯಲ್ಲಿ ನಿಂತು ಅದನ್ನು ಓದಿ ಹೇಳಲು ಆಯಾ ಊರಿನ ಕಾಲೇಜು ವಿದ್ಯಾರ್ಥಿಗಳಿದ್ದಾರೆ.