ಎಲ್ಲರಿಗೂ ಫೀಸು, ಅವಳಿಗೆ ಮಾತ್ರ ತ್ಯಾಗ

'ಬಾಡಿಗೆ ತಾಯಿ' ಅನ್ನೋ ಪದ ನನಗೆ ಯಾವತ್ತೂ ಹಿಡಿಸಿಲ್ಲ. ಹೆಂಗಸೇನು ಟು-ಲೆಟ್ ಬೋರ್ಡು ಹಾಕಿದ ಮನೆಯಾ? ಆದರೆ 2021ರ ಸರೋಗಸಿ ಕಾಯ್ದೆ ಇನ್ನೂ ವಿಚಿತ್ರ. ತಾಯಿಯನ್ನು ಉಳಿಸಿಕೊಂಡು ಬಾಡಿಗೆಯನ್ನಷ್ಟೇ ಕಿತ್ತುಹಾಕಿತು. ವೈದ್ಯಕೀಯ ಖರ್ಚು, ವಿಮೆ ಇಂಥವು ಬಿಟ್ಟರೆ ಅವಳಿಗೆ ದುಡ್ಡು ಕೊಡುವಂತಿಲ್ಲ, ಕೊಟ್ಟರೆ ಜೈಲು. ಡಾಕ್ಟರಿಗೆ ಫೀಸುಂಟು, ಲ್ಯಾಬಿಗೆ ಬಿಲ್ಲುಂಟು, ವಕೀಲರಿಗೂ ಉಂಟು. ಒಂಬತ್ತು ತಿಂಗಳು ಹೊತ್ತವಳು ಮಾತ್ರ ತ್ಯಾಗಮಯಿ ಆಗಿರಬೇಕು.

ಕಾನೂನೇ ಬೇಡ ಅಂತ ನಾನು ಹೇಳ್ತಿಲ್ಲ. 2005ರಲ್ಲಿ ಐಸಿಎಂಆರ್ ಹೊರಡಿಸಿದ ಮಾರ್ಗಸೂಚಿಗೆ ಕಾನೂನಿನ ಬಲ ಇರಲಿಲ್ಲ. 2008ರಲ್ಲಿ ಗುಜರಾತಿನ ಆನಂದದಲ್ಲಿ ಹೀಗೊಂದು ಮಗು ಹುಟ್ಟಿತು. ಅದನ್ನು ಬಯಸಿದ್ದ ಜಪಾನಿ ದಂಪತಿ ಅಷ್ಟರಲ್ಲಿ ಬೇರೆಯಾಗಿದ್ದರು. ಯಾವ ದೇಶದ ಪಾಸ್‌ಪೋರ್ಟೂ ಇಲ್ಲದ ಕೂಸಿನ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅವ್ಯವಸ್ಥೆ ಇತ್ತು, ಸರಿ ಮಾಡಬೇಕಿತ್ತು.

ನಾವು ಸರಿ ಮಾಡಲಿಲ್ಲ, ಬಾಗಿಲು ಹಾಕಿದೆವು. 2012ರ ವೀಸಾ ನಿಯಮ ಒಂಟಿ ವಿದೇಶಿಯರನ್ನೂ ಸಲಿಂಗಿ ಜೋಡಿಗಳನ್ನೂ ಹೊರಗಿಟ್ಟಿತು. ವ್ಯಾಪಾರ ನಿಂತಿತಾ? ನೇಪಾಳಕ್ಕೆ ಹೋಯಿತು. ಅಲ್ಲಿ ನೇಪಾಳಿ ಹೆಂಗಸರು ಹೀಗೆ ಹೆರುವಂತಿರಲಿಲ್ಲ. ಹಾಗಾಗಿ ಭಾರತದ ಹೆಂಗಸರನ್ನೇ ಗಡಿ ದಾಟಿಸಿದರು. 2015ರ ಏಪ್ರಿಲ್‌ನಲ್ಲಿ ಭೂಕಂಪವಾದಾಗ ಇಸ್ರೇಲಿನ ವಿಮಾನಗಳು ಬಂದು ಎಳೆಗೂಸುಗಳನ್ನು ಕರೆದೊಯ್ದದ್ದು ದೊಡ್ಡ ಸುದ್ದಿಯಾಯಿತು. ಹೆತ್ತವರ ಗತಿ ಏನಾಯಿತು ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದೆವು?

ಅದೇ ವರ್ಷ ನೇಪಾಳ, ಥಾಯ್ಲೆಂಡ್, ಭಾರತ ಮೂರೂ ವಿದೇಶಿಯರಿಗೆ ಬಾಗಿಲು ಮುಚ್ಚಿದವು. ವ್ಯಾಪಾರ ಕಾಂಬೋಡಿಯಾಕ್ಕೆ ಜಿಗಿಯಿತು. 2016ರಲ್ಲಿ ಅಲ್ಲೂ ನಿಷೇಧ. 2018ರಲ್ಲಿ ಅಲ್ಲಿನ ಪೊಲೀಸರು 30ಕ್ಕೂ ಹೆಚ್ಚು ಬಸುರಿಯರನ್ನೇ ಹಿಡಿದರು. 'ಹುಟ್ಟುವ ಮಗುವನ್ನು ನೀವೇ ಸಾಕಬೇಕು' ಅನ್ನೋ ಷರತ್ತಿನ ಮೇಲೆ ಬಿಟ್ಟರು. ಹೆಂಗಸರ ರಕ್ಷಣೆಗೆ ಅಂತ ತಂದ ನಿಷೇಧ ಕೊನೆಗೆ ಯಾರ ಮಡಿಲಿಗೆ ಬಿತ್ತು ನೋಡಿ!

'ಬಡವಿ ದುಡ್ಡಿಗಾಗಿ ಒಪ್ಕೋತಾಳೆ, ಅದು ಶೋಷಣೆ' ಅಂತೀರಿ. ವಿದೇಶಿ ಕ್ಲೈಂಟಿಗಾಗಿ ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ಮುಂದೆ ಕೂರುವ ನಾವು ಯಾವ ಪುಣ್ಯಕ್ಕೆ ಕೂರ್ತೀವಿ ಸ್ವಾಮಿ? ಅವಳ ಅಪಾಯ ನಮ್ಮದಕ್ಕಿಂತ ನೂರು ಪಾಲು ಹೆಚ್ಚು, ಒಪ್ಪುತ್ತೇನೆ. ಅಪಾಯ ಹೆಚ್ಚಿದ್ದರೆ ರಕ್ಷಣೆ, ಸಂಬಳ ಎರಡೂ ಹೆಚ್ಚಬೇಕು ತಾನೇ? ಅವಳ ಪರವಾಗಿಯೇ ಒಬ್ಬ ವಕೀಲ ಇರಲಿ. ಒಪ್ಪಂದ ಅವಳ ಭಾಷೆಯಲ್ಲಿರಲಿ. ಹಣ ಏಜೆಂಟನ ಕೈಗಲ್ಲ, ಅವಳ ಖಾತೆಗೆ ಬರಲಿ. ಮಗುವನ್ನು ಸೇರಿಸಿಕೊಳ್ಳುತ್ತೇವೆ ಅನ್ನೋ ಪತ್ರ ವಿದೇಶಿ ಸರ್ಕಾರದಿಂದ ಮೊದಲೇ ಬರಲಿ. 2012ರ ನಿಯಮದಲ್ಲೇ ಈ ಷರತ್ತಿತ್ತು. ಅದನ್ನು ಗಟ್ಟಿ ಮಾಡುವ ಬದಲು ಬಾಗಿಲನ್ನೇ ಮುಚ್ಚಿದೆವು.

ಶೋಷಣೆ ತಪ್ಪಿಸೋಕೆ ಕೂಲಿಯನ್ನೇ ರದ್ದು ಮಾಡುವ ಯೋಚನೆ ಬೇರೆ ಯಾವ ಕೆಲಸದ ಬಗ್ಗೆ ನಮಗೆ ಬಂದಿದೆ? ಹೆಂಗಸಿನ ಕೆಲಸ ಅಂದಾಗ ಮಾತ್ರ ಬರುತ್ತೆ. ಅದೇ ನನ್ನ ತಕರಾರು.