ಅವಳಿಗೂ ನೋಯುತ್ತದೆ

1840ರ ದಶಕದ ಕೊನೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರು. ಅನಾರ್ಕಾ ಎಂಬ ಕಪ್ಪು ಗುಲಾಮ ಹುಡುಗಿ ಮೇಜಿನ ಮೇಲೆ ಮೊಣಕಾಲು ಮೊಣಕೈ ಊರಿ ಬಾಗಿದ್ದಾಳೆ. ದಿನಗಟ್ಟಲೆ ಹೆರಿಗೆ ನೋವು ತಿಂದು ಒಳಗೆ ಹರಿದುಹೋಗಿ, ಮೂತ್ರ ಸದಾ ಸೋರುವ ಮೈ ಅವಳದು. ಡಾಕ್ಟರ್ ಮೇರಿಯನ್ ಸಿಮ್ಸ್ ಕೊಯ್ಯುತ್ತಾನೆ, ಹೊಲಿಯುತ್ತಾನೆ. ಹೊಲಿಗೆ ಕೂಡದಿದ್ದರೆ ಮತ್ತೆ ಕೊಯ್ಯುತ್ತಾನೆ. ಹೀಗೆ ಸುಮಾರು 30 ಸಲ, ಅರಿವಳಿಕೆ ಇಲ್ಲದೆ. ಲೂಸಿ, ಬೆಟ್ಸಿ ಎಂಬವರಿಗೂ ಇದೇ ಗತಿ. ಉಳಿದ ಹೆಂಗಸರ ಹೆಸರೂ ಉಳಿದಿಲ್ಲ. ಅವನು ಮಾತ್ರ ಸ್ತ್ರೀರೋಗ ಶಾಸ್ತ್ರದ ಪಿತಾಮಹನಾದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆ ಇಳಿದದ್ದು 2018ರಲ್ಲಿ.

ಕಪ್ಪು ಹೆಣ್ಣು ಎಷ್ಟು ನೋವಾದರೂ ತಡೆದುಕೊಳ್ಳುತ್ತಾಳೆ ಎಂಬ ಸುಳ್ಳು ಆ ಪ್ರತಿಮೆಯ ಜೊತೆ ಇಳಿಯಲಿಲ್ಲ. 2016ರಲ್ಲಿ ಪ್ರಕಟವಾದ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನ ನೋಡಿ: ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಕಪ್ಪುಜನರ ಚರ್ಮ ದಪ್ಪ ಎಂಬಂಥ ಒಂದಿಲ್ಲೊಂದು ಸುಳ್ಳನ್ನು ನಂಬಿದ್ದರು. 2017ರಲ್ಲಿ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಅವರಿಗೆ ಹೆತ್ತ ಮರುದಿನ ಉಸಿರು ಕಟ್ಟಿತು. ರಕ್ತ ಹೆಪ್ಪುಗಟ್ಟುವ ತೊಂದರೆ ಅವರಿಗೆ ಮೊದಲೇ ಇತ್ತು. ಸ್ಕ್ಯಾನ್ ಮಾಡಿ ಎಂದರೆ, ಆಸ್ಪತ್ರೆಯವರು ಅದು ಔಷಧಿಯ ಅಮಲಿನ ಮಾತು ಅಂದುಕೊಂಡರು. ಹಟ ಹಿಡಿದ ಮೇಲೆ ಸ್ಕ್ಯಾನ್ ಆಯಿತು, ಶ್ವಾಸಕೋಶದಲ್ಲಿ ಹೆಪ್ಪುಗಳಿದ್ದವು. ಲೋಕವೇ ಬಲ್ಲ ಆಟಗಾರ್ತಿಯ ಮಾತಿಗೇ ಈ ಬೆಲೆಯಾದರೆ, ಹೆಸರಿಲ್ಲದ ಬಾಣಂತಿಯ ಪಾಡೇನು? 2021ರಲ್ಲಿ ಅಮೆರಿಕದಲ್ಲಿ ಲಕ್ಷ ಜೀವಂತ ಜನನಗಳಿಗೆ 69.9 ಕಪ್ಪು ತಾಯಂದಿರು ಸತ್ತರು. ಬಿಳಿಯ ತಾಯಂದಿರಲ್ಲಿ ಆ ಲೆಕ್ಕ 26.6.

ಕಪ್ಪು ಹೆಣ್ಣಿಗೆ ತೊಡಿಸಿದ ಇನ್ನೊಂದು ಮುಖವಾಡ 'ಮ್ಯಾಮಿ'ಯದು. ಒಡೆಯರ ಮಕ್ಕಳನ್ನು ನಗುನಗುತ್ತಾ ಸಾಕುವ, ತನ್ನದೆಂಬ ಬದುಕೇ ಇಲ್ಲದ ದಾದಿ. ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದಕ್ಕೆ 1940ರಲ್ಲಿ ಕಪ್ಪು ನಟಿ ಹ್ಯಾಟಿ ಮೆಕ್‌ಡೇನಿಯಲ್‌ಗೆ ಆಸ್ಕರ್ ಕೊಟ್ಟರು. ಆ ರಾತ್ರಿ ಅವರನ್ನು ಕೂರಿಸಿದ್ದು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ. ಸೇವೆ ಬೇಕು, ಪಕ್ಕದಲ್ಲಿ ಕೂರುವುದು ಬೇಡ!

ಕಪ್ಪು ಹೆಣ್ಣನ್ನು 'ಗಟ್ಟಿಗಿತ್ತಿ' ಎಂದು ನಾವೂ ಬಾಯ್ತುಂಬ ಹೊಗಳುತ್ತೇವೆ. ಹೊಗಳಿದ ಮೇಲೆ ಅವಳ ಹೊರೆಗೆ ಹೆಗಲು ಕೊಟ್ಟಿದ್ದೇವೆಯೇ? ಹಣೆಗೆ ಈ ಪಟ್ಟ ಕಟ್ಟಿಬಿಟ್ಟರೆ ಅವಳು ದಣಿಯುವಂತಿಲ್ಲ, ಅಳುವಂತಿಲ್ಲ. ಇದು ಗೌರವವಲ್ಲ, ಕ್ರೌರ್ಯ.

ಅಮೆರಿಕದ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡದ ವೈದ್ಯರೇ, ನರ್ಸ್‌ಗಳೇ, ನಿಮ್ಮನ್ನೇ ಕೇಳಿಕೊಳ್ಳುತ್ತಿದ್ದೇನೆ. ನಾಳೆ ನಿಮ್ಮ ವಾರ್ಡಿನಲ್ಲಿ ಒಬ್ಬ ಕಪ್ಪು ಹೆಣ್ಣುಮಗಳು ತುಟಿ ಕಚ್ಚಿ ಮಲಗಿದ್ದರೆ, ನೋವಿಲ್ಲವೆಂದು ಬರೆದುಕೊಂಡು ಮುಂದೆ ಹೋಗಬೇಡಿ. ಹತ್ತಿರ ಕುಳಿತು ಕೇಳಿ. ಅವಳು ಹೇಳಿದ್ದನ್ನು ನಂಬಿ.